ಜೂನ್ ಒಂದರ ಮಕ್ಕಳ ಶಾಲೆಗೆ

ತುಮಕೂರಿನಲ್ಲಿ ಹಿರಿಯೂರಿನ ಬಸ್ಸು ಹತ್ತಿದಾಗ ಬೆಳಗಿನ ಆರೂವರೆ. ಡಿಸೆಂಬರಿನ ಚಳಿ. ತಲೆಗೆ ಶಾಲು ಸುತ್ತಿಕೊಂಡು, ಆಧಾರ್ ಕಾರ್ಡನ್ನು ಕೈಯಲ್ಲೇ ಹಿಡಿದು ಕಿಟಕಿ ಪಕ್ಕ ಕೂತೆ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮೂವತ್ನಾಲ್ಕು ವರ್ಷ ಹಳ್ಳಿ ಶಾಲೆಗಳಲ್ಲಿ ಪಾಠ ಮಾಡಿ, ಅಷ್ಟೂ ವರ್ಷ ಬಸ್ಸಿನಲ್ಲಿ ನಿಂತೇ ಓಡಾಡಿದವಳು ನಾನು. ಈಗ ಕೂತು ಓಡಾಡುವ ಸರದಿ.

ಹೊರಟಿದ್ದು ಹೊಸದುರ್ಗ ತಾಲ್ಲೂಕಿನ ಒಂದು ಸಣ್ಣ ಊರಿಗೆ. ಅಲ್ಲಿಯ ಸರ್ಕಾರಿ ಪ್ರೌಢಶಾಲೆಗೆ ರಂಗಧಾಮ ಹೆಡ್‌ಮಾಸ್ಟರು. ಶಿರಾ ಕಡೆಯ ಹಳ್ಳಿಯೊಂದರಲ್ಲಿ ಅವನನ್ನು ಒಂದನೇ ಕ್ಲಾಸಿಗೆ ಸೇರಿಸಿಕೊಂಡವಳು ನಾನೇ. ಪ್ರತಿ ವರ್ಷ ಜೂನ್ ಒಂದನೇ ತಾರೀಖು ಬೆಳಿಗ್ಗೆ ತಪ್ಪದೆ ಫೋನು ಮಾಡುತ್ತಾನೆ. "ಮೇಡಂ, ಇವತ್ತು ನನ್ನ ಹುಟ್ಟಿದಬ್ಬ. ನೀವೇ ಹುಟ್ಟಿಸಿದ್ದು" ಎಂದು ನಗುತ್ತಾನೆ. ಹಳ್ಳಿ ಶಾಲೆಯ ಮೇಷ್ಟರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಹುಟ್ಟಿದ ತಾರೀಖು ಗೊತ್ತಿಲ್ಲದೆ ಬಂದ ಮಗುವಿಗೆ ಅಂದಾಜಿನ ಮೇಲೆ ಒಂದು ವರ್ಷ ಹಿಡಿದು, ಶಾಲೆ ಶುರುವಾಗುವ ಜೂನ್ ಒಂದನ್ನೇ ತಾರೀಖು ಎಂದು ಬರೆದುಬಿಡುತ್ತಿದ್ದೆವು. ನನ್ನ ಪೆನ್ನಿನಲ್ಲಿ ಹಾಗೆ ಹುಟ್ಟಿದವರು ಎಷ್ಟು ಜನವೋ. ಈ ಸಲ ಫೋನಿನಲ್ಲಿ ರಂಗಧಾಮ, "ಮೂರು ಶಾಲೆ ಸೇರಿಸಿ ಒಂದು ಮಾಡಿದ್ದಾರೆ ಮೇಡಂ, ಬಂದು ನೋಡ್ರಿ" ಎಂದಿದ್ದ. ಬರುತ್ತೇನೆ ಬರುತ್ತೇನೆ ಎನ್ನುತ್ತಲೇ ಆರು ತಿಂಗಳು ಕಳೆದಿದ್ದೆ.

ಊರಿನ ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ. ಮುಂದೆ ಬರುವ ಹುಡುಗಿಯರಿಬ್ಬರ ಹೆಸರನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ. ಅದನ್ನು ಬದಲಾಯಿಸಿದರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಅಲ್ಲದೆ ಆ ಹೆಸರಿನವರು ಆ ಸೀಮೆಯಲ್ಲಿ ಮನೆಗೊಬ್ಬರಿದ್ದಾರೆ.

ಶಿರಾದಲ್ಲಿ ಪಕ್ಕಕ್ಕೆ ಬಂದು ಕೂತ ಹೆಂಗಸು ಹಿರಿಯೂರು ಕಡೆಯ ಹರಿಯಬ್ಬೆ ಎಂಬ ಊರಿನವರು. ಮಗಳ ಮನೆಗೆ ಹೋಗಿ ವಾಪಸಾಗುತ್ತಿದ್ದರು. ಚೀಲದಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದು, "ತಿನ್ರಿ, ನಮ್ಮ ಹೊಲದ್ದೇ" ಎಂದು ಕೊಟ್ಟರು. ಶಾಲೆ ನೋಡಲು ಹೋಗುತ್ತಿದ್ದೇನೆ ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗುಡಿ ನೋಡಲು ಹೋಗುವವರುಂಟು, ಕೋಟೆ ನೋಡಲು ಹೋಗುವವರುಂಟು. ಶಾಲೆ ನೋಡಲು ಯಾರು ಹೋಗುತ್ತಾರೆ? ಮೂರು ಶಾಲೆ ಸೇರಿಸಿದ ವಿಷಯ ಹೇಳಿದೆ.

"ಸೇರ್ಸೋದಾದ್ರೆ ಸೇರಿಸ್ಲಿ ಬಿಡ್ರಿ" ಎಂದರು. "ಆದ್ರೆ ಒಂದ್ ಮಾತೈತೆ. ಶಾಲೆ ಹತ್ರ ಇದ್ರೆ ಹೆಣ್ಮಗ ಓದ್ತೈತೆ. ದೂರ ಆದ್ರೆ ಮದುವೆ ಆಗ್ತೈತೆ."

ಹಿರಿಯೂರಿನಲ್ಲಿ ಇಳಿದು ಎರಡು ಇಡ್ಲಿ, ಒಂದು ಕಾಫಿ. ಅಲ್ಲಿಂದ ಹೊಸದುರ್ಗಕ್ಕೆ ಸಿಕ್ಕಿದ್ದು ಪ್ರೈವೇಟ್ ಬಸ್ಸು. ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರ್ ಅದರ ಫೋಟೋ ನೋಡಿ, "ಚೆನ್ನಾಗೈತೆ. ಎಪ್ಪತ್ತು ರೂಪಾಯಿ ಕೊಡ್ರಿ" ಎಂದ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕು ಕೊಟ್ಟೆ. ದಾರಿಯುದ್ದಕ್ಕೂ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಕೆಳಗೆ ಹೊಲಗಳಲ್ಲಿ ಜನ ಸಾಲು ಹಿಡಿದು ಬಗ್ಗಿ ಹುರುಳಿ ಕೀಳುತ್ತಿದ್ದರು. ಹೊಸದುರ್ಗ ಹತ್ತಿರವಾದಂತೆ ತೆಂಗಿನ ತೋಟ ಬಂತು, ನಡುನಡುವೆ ಒಣಭೂಮಿಯೂ ಇತ್ತು. ಎರಡು ಗಂಟೆಯ ಹಾದಿಗೆ ಎರಡೂವರೆ ಗಂಟೆ ಹಿಡಿಯಿತು.

ಹೊಸದುರ್ಗದ ನಿಲ್ದಾಣದಲ್ಲಿ ರಂಗಧಾಮ ಬೈಕು ನಿಲ್ಲಿಸಿಕೊಂಡು ಕಾದಿದ್ದ. ಕೂದಲು ನನಗಿಂತ ಹೆಚ್ಚು ನರೆತಿದೆ. ಕಾಲಿಗೆ ಬೀಳಲು ಬಗ್ಗಿದವನನ್ನು ತಡೆದೆ. ಬೈಕಿನ ಮೇಲೆ ಕೂರುವುದಿಲ್ಲ ಎಂದಾಗ, "ಹಂಗಾದ್ರೆ ನಾನೂ ಬಸ್ಸಿಗೇ ಬರ್ತೀನಿ, ಹೋಗಾಣ ಬರ್ರಿ" ಎಂದು ಬೈಕನ್ನು ಪರಿಚಯದ ಅಂಗಡಿಯ ಮುಂದೆ ಬಿಟ್ಟು ಬಂದ. ಹದಿನಾಲ್ಕು ಕಿಲೋಮೀಟರ್ ಒಟ್ಟಿಗೆ ಹೋದೆವು. ಫೋನಿನಲ್ಲಿ ನಗುವ ಹುಡುಗ ಬಸ್ಸಿನಲ್ಲಿ ಅಷ್ಟಾಗಿ ನಗಲಿಲ್ಲ. ಕೆಲಸದ ಆಯಾಸವಿರಬೇಕು ಎಂದುಕೊಂಡೆ.

ಶಾಲೆ ಊರ ಹೊರಗೆ, ಕೆರೆ ಏರಿಯ ಕೆಳಗಿದೆ. ಹಳೆಯ ಹೆಂಚಿನ ಕಟ್ಟಡ ಒಂದು, ಹೊಸ ಆರ್‌ಸಿಸಿ ಕಟ್ಟಡ ಒಂದು, ನಡುವೆ ದೊಡ್ಡ ಬೇವಿನ ಮರ. ಮರದ ಕೊಂಬೆಗೆ ಒಂದಲ್ಲ, ಮೂರು ಗಂಟೆ ತೂಗುಹಾಕಿದ್ದರು. ಊರ ಶಾಲೆಯದು ಹಿತ್ತಾಳೆಯದು. ತೋಟದ ಸೀಮೆಯ ಶಾಲೆಯಿಂದ ಬಂದದ್ದು ರೈಲು ಕಂಬಿಯ ತುಂಡು. ಮೂರನೆಯದು ಟ್ರ್ಯಾಕ್ಟರ್ ಚಕ್ರದ ತಟ್ಟೆ. ಅದು ಏಳು ಕಿಲೋಮೀಟರ್ ದೂರದ, ಕುರಿ ಸಾಕುವವರ ಹಟ್ಟಿಯಲ್ಲಿ ಮುಚ್ಚಿದ ಶಾಲೆಯದು.

"ಮೊದಲನೇ ವಾರ ಹಿತ್ತಾಳೆದೊಂದನ್ನೇ ಹೊಡೆಸಿದೆ ಮೇಡಂ" ಎಂದ ರಂಗಧಾಮ. "ಹಟ್ಟಿ ಮಕ್ಕಳು ಎದ್ದೇ ಏಳಲಿಲ್ಲ. ಅದು ನಮ್ ಗಂಟೆ ಅಲ್ಲ ಸಾರ್ ಅಂದ್ರು." ಅದಕ್ಕೇ ಈಗ ವಾರದ ಆರು ದಿನವನ್ನು ಮೂರೂ ಗಂಟೆಗಳಿಗೆ ಎರಡೆರಡು ದಿನದಂತೆ ಹಂಚಿದ್ದಾನೆ. ನಾನು ಹೋದ ದಿನ ಟ್ರ್ಯಾಕ್ಟರ್ ತಟ್ಟೆಯ ಸರದಿ. ಸದ್ದು ಕೇಳಿದ ಕೂಡಲೇ ಮೂರು ಊರಿನ ಮಕ್ಕಳೂ ಒಟ್ಟಿಗೇ ಎದ್ದರು.

ಅಡುಗೆ ಮನೆಯಲ್ಲೂ ಹಾಗೇ. ಮೂರು ಶಾಲೆಯಿಂದ ಬಂದ ಮೂವರು ಅಡುಗೆಯವರಿಗೆ ಮೂರು ಬಗೆಯ ಸಾರು. ಹಟ್ಟಿಯಿಂದ ಬಂದ ದ್ಯಾವಮ್ಮನದು ಖಾರ ಮುಂದು. ನನ್ನ ತಟ್ಟೆಗೆ ಅನ್ನ ಬಡಿಸಿ, ಮೇಲೆ ಸಾರು ಸುರಿದು, "ಉಣ್ಣು ಮೇಷ್ಟ್ರಮ್ಮ, ಬಿಸಿ ಐತೆ" ಎಂದಳು. ಉಂಡೆ, ಮೂಗಿನಲ್ಲಿ ನೀರು ಬಂತು, ಮತ್ತೆ ಬಡಿಸಿಕೊಂಡೆ.

ಊಟವಾದ ಮೇಲೆ ರಂಗಧಾಮ ಶಾಲೆಯನ್ನೆಲ್ಲ ಸುತ್ತಿಸಿದ. ನಾನು ಶಾಲೆಗಳನ್ನು ಸೇರಿಸುವುದರ ವಿರುದ್ಧ ಮಾತಾಡುತ್ತಲೇ ಬಂದವಳು. ಆದರೆ ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಒಂದನೇ ಕ್ಲಾಸಿನಿಂದ ಹತ್ತರವರೆಗೂ ಇದ್ದ ಹಟ್ಟಿಯ ಶಾಲೆಯಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಒಬ್ಬರೇ ಮೇಷ್ಟರು, ಅವರೂ ವಾರಕ್ಕೆ ಮೂರು ದಿನ ಇದ್ದವರು. ಇಲ್ಲಿ ಎಲ್ಲ ವಿಷಯಕ್ಕೂ ಮೇಷ್ಟರಿದ್ದಾರೆ. ಪ್ರಯೋಗದ ಕೋಣೆಯಲ್ಲಿ ಒಬ್ಬಳು ಹುಡುಗಿ ಈರುಳ್ಳಿ ಸಿಪ್ಪೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದು ಕಣ್ಣು ಮುಚ್ಚಿ, ಬಾಯಿ ತೆರೆದು ನೋಡುತ್ತಿದ್ದಳು. ಬದಲಿಗೆ ಹಟ್ಟಿಯ ಮಕ್ಕಳು ಸಂಜೆಯ ಬಸ್ಸು ತಪ್ಪಿದರೆ ಏಳು ಕಿಲೋಮೀಟರ್ ನಡೆಯಬೇಕು. ಕೊಟ್ಟದ್ದೂ ಉಂಟು, ಕಿತ್ತುಕೊಂಡದ್ದೂ ಉಂಟು.

ಕೊನೆಯ ಪೀರಿಯಡ್ಡಿಗೆ ನನ್ನನ್ನು ಹತ್ತನೇ ಕ್ಲಾಸಿಗೆ ಕರೆದೊಯ್ದು, "ಒಂದ್ಸಲ ನೀವೇ ಹಾಜರಿ ಕೂಗಿ ಮೇಡಂ, ನಂಗೂ ಕೇಳ್ಬೇಕು ಅನ್ಸೈತೆ" ಎಂದು ಪುಸ್ತಕ ಕೈಗೆ ಕೊಟ್ಟ. ನಿವೃತ್ತಳಾಗಿ ಆರು ವರ್ಷ. ದನಿ ತಾನಾಗಿ ಹಳೆಯ ಜಾಗಕ್ಕೆ ಬಂತು. ಒಂದೊಂದೇ ಹೆಸರು ಕೂಗುತ್ತ ಹೋದೆ.

"ಕರಿಯಮ್ಮ."

ಇಬ್ಬರು ಹುಡುಗಿಯರು ಎದ್ದು ನಿಂತರು. "ಹಾಜರ್ ಮೇಡಂ" ಎಂದರು, ಇಬ್ಬರೂ.

ಹೊಸಬಳೆಂದು ಆಟವಾಡಿಸುತ್ತಿದ್ದಾರೆ ಎಂದುಕೊಂಡು, "ಒಬ್ಬರು ಕೂತ್ಕೊಳ್ಳಿ" ಎಂದೆ, ಸ್ವಲ್ಪ ಗಟ್ಟಿಯಾಗಿಯೇ. ಇಬ್ಬರೂ ಕೂರಲಿಲ್ಲ. ಕ್ಲಾಸು ನಗಲಿಲ್ಲ. ಪುಸ್ತಕದಲ್ಲಿ ಆ ಹೆಸರಿನ ಮುಂದೆ, ಪ್ರತಿ ದಿನದ ಹಾಜರಿಯ ಪಕ್ಕದಲ್ಲೂ, ಪೆನ್ಸಿಲಿನಲ್ಲಿ ಸಣ್ಣದಾಗಿ '೨' ಎಂದು ಬರೆದಿತ್ತು. ತಿರುಗಿ ನೋಡಿದರೆ ರಂಗಧಾಮ ಕಿಟಕಿಯಾಚೆ ನೋಡುತ್ತಿದ್ದ.

ಮಕ್ಕಳು ಹೋದ ಮೇಲೆ ಬೇವಿನ ಮರದ ಕೆಳಗೆ ಕೂತು ಹೇಳಿದ. "ಬೇಸಿಗೆ ರಜೆಯಲ್ಲಿ ಮೂರೂ ಶಾಲೆಯವರ ಹೆಸರನ್ನ ಕಂಪ್ಯೂಟರ್‌ನಲ್ಲಿ ಒಂದು ಪಟ್ಟಿ ಮಾಡ್ತಿದ್ದೆ ಮೇಡಂ. ಕರಿಯಮ್ಮ, ತಂದೆ ಈರಣ್ಣ, ಜೂನ್ ಒಂದು. ಅದರ ಕೆಳಗಿನ ಸಾಲೂ ಕರಿಯಮ್ಮ, ತಂದೆ ಈರಣ್ಣ, ಜೂನ್ ಒಂದು. ವರ್ಷಾನೂ ಅದೇ. ಒಂದರಲ್ಲಿ ಆಧಾರ್ ನಂಬರಿನ ಜಾಗ ಖಾಲಿ ಇತ್ತು. ಎರಡು ಸಲ ಬರೆದುಬಿಟ್ಟಿದ್ದಾರೆ ಅಂದ್ಕಂಡು ಖಾಲಿ ಇದ್ದಿದ್ದನ್ನ ಅಳಿಸಿದೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ಇಬ್ಬರು ಎದ್ದು ನಿಂತ್ರು."

ಅಂದಿನಿಂದ ಮೇಲಿನ ಕಚೇರಿಗೆ ಮೂರು ಸಲ ಪತ್ರ ಬರೆದಿದ್ದ. ಬಂದ ಉತ್ತರ ಒಂದೇ: ಹಟ್ಟಿ ಶಾಲೆಯ ಮೂಲ ದಾಖಲಾತಿ ಪುಸ್ತಕದ ಜೊತೆ ಹುಡುಗಿಯರಿಬ್ಬರನ್ನೂ ಚಿತ್ರದುರ್ಗದ ಕಚೇರಿಗೆ ಕರೆತರಬೇಕು. ಶಾಲೆಯಲ್ಲಿದ್ದ ಟ್ರಂಕುಗಳನ್ನೆಲ್ಲ ಎರಡೆರಡು ಸಲ ತಡಕಿದ್ದಾನೆ, ಆ ಪುಸ್ತಕವೊಂದಿಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಹೆಸರು ಸೇರಿಸಲು ನಾಡಿದ್ದು ಸಂಜೆ ಕೊನೆ.

"ಅಳಿಸಿಹೋದವಳು ಯಾರು?"

"ಎತ್ತರದವಳು. ಗಣಿತದಲ್ಲಿ ಇಡೀ ಕ್ಲಾಸಿಗೆ ಮುಂದು ಮೇಡಂ. ಈ ವರ್ಷ ಬರೀಲಿಲ್ಲ ಅಂದ್ರೆ ಮುಂದಿನ ವರ್ಷ ಬರೀಬಹುದು ಅಂತ ಕಾಗದದ ಮೇಲೆ ಹೇಳಬಹುದು. ಆದರೆ ಹಟ್ಟಿಯಲ್ಲಿ ಒಂದು ವರ್ಷ ಮನೇಲಿ ಕುಂತ ಹೆಣ್ಮಗು ತಿರುಗಿ ಶಾಲೆಗೆ ಬಂದಿದ್ದು ನಾ ನೋಡಿಲ್ಲ."

ಬಸ್ಸಿನಲ್ಲಿ ಶೇಂಗಾ ಕೊಟ್ಟ ಹೆಂಗಸಿನ ಮಾತು ನೆನಪಾಯಿತು. ರಂಗಧಾಮನನ್ನು ಬೈಯಬೇಕೆನಿಸಿತು. ಇಬ್ಬರು ಹುಡುಗಿಯರನ್ನು ಒಬ್ಬಳನ್ನಾಗಿ ಮಾಡಿದ್ದು ಅವನ ಬೆರಳು ನಿಜ. ಆದರೆ ಅವರಿಬ್ಬರಿಗೂ ಒಂದೇ ಜೂನ್ ಒಂದನ್ನು ಕೊಟ್ಟದ್ದು ನನ್ನಂಥವರ ಪೆನ್ನು. ಅಂದಾಜಿನಲ್ಲಿ ಬರೆದ ಆ ತಾರೀಖು ಯಾರಿಗೆ ತೊಂದರೆ ಕೊಟ್ಟೀತು ಎಂದು ಮೂವತ್ನಾಲ್ಕು ವರ್ಷದಲ್ಲಿ ಒಂದು ದಿನವೂ ಯೋಚಿಸಿರಲಿಲ್ಲ.

"ಮನೆಯವರಿಗೆ ಹೇಳಿದ್ದೀಯಾ?"

"ಅವಳಪ್ಪ ಕುರಿ ಹೊಡ್ಕಂಡು ಕೆಳಗಿನ ಸೀಮೆಗೆ ಹೋಗ್ಯಾನೆ. ಅಜ್ಜಿ ಇದ್ದಾಳೆ. ದಿನಾ ನಂಗೆ ಊಟಕ್ಕಿಕ್ಕೋಳು, ನಮ್ಮ ದ್ಯಾವಮ್ಮಾನೇ. ಹೆಂಗ್ ಹೇಳಲಿ ಮೇಡಂ? ಹುಡುಗೀನೂ ಹೇಳಿಲ್ಲ, ಅಜ್ಜಿ ಜಗಳಕ್ಕೆ ಬರ್ತಾಳೆ ಅಂತ."

"ನಾಳೆ ಬೆಳಿಗ್ಗೆ ಎದ್ದ ತಕ್ಷಣ ಹೇಳು" ಎಂದೆ. ಒಂದನೇ ಕ್ಲಾಸಿನಲ್ಲಿ ಹೇಳುತ್ತಿದ್ದ ದನಿಯಲ್ಲೇ ಹೇಳಿರಬೇಕು, "ಆಗಲಿ ಮೇಡಂ" ಎಂದು ಎದ್ದು ನಿಂತ. ಅವನ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು ಚೆನ್ನಾಗಿಯೇ ಇತ್ತು. ಇಬ್ಬರೂ ಅರ್ಧಕ್ಕೇ ಕೈ ತೊಳೆದೆವು.

ಎರಡನೇ ದಿನ ಬೆಳಿಗ್ಗೆ ಅಡುಗೆ ಮನೆಯ ಬಾಗಿಲಲ್ಲಿ ರಂಗಧಾಮ ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಹೇಳಿದ. ದ್ಯಾವಮ್ಮ ಒಲೆಯ ಉರಿ ತಗ್ಗಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಪೂರ್ತಿ ಕೇಳಿದಳು. ನಾನು ಜಗಳಕ್ಕೆ ಸಿದ್ಧಳಾಗಿದ್ದೆ.

"ಶಾಲೆ ಕೂಡಿಸಿದ್ರಿ, ಸರಿ" ಎಂದಳು. "ನಮ್ಮುಡ್ಗೀರನ್ನೂ ಕೂಡಿಸಿಬಿಟ್ರಲ್ಲ ಮೇಷ್ಟ್ರೆ."

ಪಾತ್ರೆಯ ಮುಚ್ಚಳ ಮುಚ್ಚಿ ಅವಳೇ ಕೇಳಿದಳು.

"ಯಾವ ಬುಕ್ಕು ಬೇಕು ನಿಮಗೆ? ದಪ್ಪಂದು, ಹಸಿರು ರಟ್ಟಿಂದಾ? ಅದು ಅಮ್ಮನ ಗುಡೀಲೈತೆ. ನೀವು ಕೇಳಲಿಲ್ಲ, ನಾವು ಹೇಳಲಿಲ್ಲ."

ಹತ್ತು ಗಂಟೆಗೆ ಮೂವರೂ ಆಟೋದಲ್ಲಿ ಹಟ್ಟಿಗೆ ಹೊರಟೆವು. ಹೋಗಿಬರಲು ಮುನ್ನೂರು ಕೇಳಿದವನು ವಿಷಯ ತಿಳಿದು ಇನ್ನೂರಕ್ಕೆ ಬಂದ. ಹಟ್ಟಿಯೆಂದರೆ ನಲವತ್ತು ಮನೆ, ಕಾರೆ ಮುಳ್ಳಿನ ಬೇಲಿ, ಖಾಲಿ ಕುರಿದೊಡ್ಡಿಗಳು. ಕುರಿ, ಗಂಡಸರು ಎರಡೂ ಸುಗ್ಗಿ ಮುಗಿದ ಗದ್ದೆಗಳ ಕಡೆ ಹೋಗಿದ್ದರಿಂದ ಹೆಂಗಸರು, ಮುದುಕರು, ನಾಯಿಗಳು ಉಳಿದಿದ್ದರು. ಹಳೇ ಶಾಲೆಯಲ್ಲಿ ಈಗ ಅಂಗನವಾಡಿ ನಡೆಯುತ್ತದೆ. ನಡುವೆ ಕರಿಯಮ್ಮನ ಸಣ್ಣ ಗುಡಿ.

ದಾರಿಯಲ್ಲೇ ದ್ಯಾವಮ್ಮ ಹೆಸರಿನ ಗುಟ್ಟು ಬಿಡಿಸಿದ್ದಳು. ಆ ಹಟ್ಟಿಯಲ್ಲಿ ಮನೆಯ ಮೊದಲ ಹೆಣ್ಣು ಮಗು ಅಮ್ಮನದು, ಅದಕ್ಕೆ ಕರಿಯಮ್ಮ ಎಂದೇ ಹೆಸರು. ಮೊದಲ ಗಂಡು ಈರಣ್ಣ. ಹಾಗಾಗಿ ಈರಣ್ಣನ ಮಗಳು ಕರಿಯಮ್ಮ ಎಂದರೆ ಅರ್ಧ ಹಟ್ಟಿಯೇ ತಿರುಗಿ ನೋಡುತ್ತದೆ. "ಮತ್ತೆ ನೀವು ಹೆಂಗೆ ಗುರುತು ಹಿಡೀತೀರಿ?" ಎಂದರೆ ಅವಳಿಗೆ ನಗು. "ಹುಟ್ಟಿದ ಜಾಗದ ಮೇಲೆ ಕರೀತೀವಿ. ಅವಳು ಬೇವಿನ ಕರಿಯಮ್ಮ, ಬೇವಿನ ಮರದ ಮನೇಲಿ ಹುಟ್ಟಿದೋಳು. ನನ್ ಮೊಮ್ಮಗಳು ಕಟ್ಟೆ ಕರಿಯಮ್ಮ. ಕಣಜದ ಕರಿಯಮ್ಮ ಅಂತಾನೂ ಒಬ್ಳವಳೆ."

ಶಾಲೆಯ ಸಾಮಾನು ಟ್ರ್ಯಾಕ್ಟರಿಗೆ ತುಂಬಿದ ದಿನ ಹಳೆಯ ಪುಸ್ತಕಗಳನ್ನು ಗುಜರಿಗೆಂದು ಒಂದು ಕಡೆ ಒಟ್ಟಿದ್ದರಂತೆ. ಹಟ್ಟಿಯ ಹೆಂಗಸರಲ್ಲಿ ಓದು ಬಂದವಳೊಬ್ಬಳು ಈ ಪುಸ್ತಕ ತೆರೆದು ನೋಡಿದರೆ ಪುಟಪುಟದಲ್ಲೂ ಕರಿಯಮ್ಮ, ಕರಿಯಮ್ಮ. ಅಮ್ಮನ ಹೆಸರು ಬರೆದ ಪುಸ್ತಕ ಗುಜರಿಗೆ ಹೋಗುವುದುಂಟೇ? ಗುಡಿಗೆ ತಂದಿಟ್ಟರು. ಅಂದಿನಿಂದ ವಾರಕ್ಕೊಮ್ಮೆ ಅದಕ್ಕೂ ಅರಿಶಿನ ಕುಂಕುಮ.

ಪೂಜಾರಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತಂದ. "ಒಯ್ದಂಗೆ ವಾಪಸ್ ತರ್ಬೇಕು ಮೇಷ್ಟ್ರೆ" ಎಂದ. ರಂಗಧಾಮ ಚಪ್ಪಲಿ ಬಿಟ್ಟು ಈಸಿಕೊಂಡ. ಗುಡಿಯ ಮೆಟ್ಟಿಲ ಮೇಲೇ ಕೂತು ಪುಟ ತಿರುವಿದೆವು. ಒಂದನೇ ಕ್ಲಾಸಿಗೆ ಸೇರಿದ ಆ ವರ್ಷದ ಪುಟದಲ್ಲಿ, ಬೇರೆ ಬೇರೆ ಕ್ರಮಸಂಖ್ಯೆಯಲ್ಲಿ, ಇಬ್ಬರೂ ಇದ್ದರು. ಇಬ್ಬರಿಗೂ ಜೂನ್ ಒಂದು. ಆದರೆ ಅಂಚಿನಲ್ಲಿ, ಆಗ ಅಲ್ಲಿದ್ದ ಮೇಷ್ಟರು ಪೆನ್ಸಿಲಿನಲ್ಲಿ ಒಂದರ ಮುಂದೆ 'ಬೇವು', ಇನ್ನೊಂದರ ಮುಂದೆ 'ಕಟ್ಟೆ' ಎಂದು ಬರೆದಿಟ್ಟಿದ್ದರು. ಆ ಮೇಷ್ಟರು ಯಾರೋ ನನಗೆ ಗೊತ್ತಿಲ್ಲ. ತಾರೀಖನ್ನು ನನ್ನ ಹಾಗೆಯೇ ಬರೆದಿದ್ದರು. ಆದರೆ ನಾನು ಕೇಳದ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು. ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

ಮೂರನೇ ದಿನ ಏಳೂವರೆಗೆ ಐದು ಜನ ಹೊರಟೆವು: ರಂಗಧಾಮ, ದ್ಯಾವಮ್ಮ, ಇಬ್ಬರು ಕರಿಯಮ್ಮಂದಿರು, ನಾನು. ಪುಸ್ತಕ ಕೆಂಪು ಬಟ್ಟೆಯಲ್ಲಿ ದ್ಯಾವಮ್ಮನ ಮಡಿಲಲ್ಲಿತ್ತು. ಹೊಳಲ್ಕೆರೆಯ ಬಸ್ಸಿನಲ್ಲಿ ನನ್ನ ಪಕ್ಕ ಕಟ್ಟೆ ಕರಿಯಮ್ಮ ಕೂತಳು. ಮಾತು ಕಡಿಮೆ. ಮುಂದೇನು ಓದುತ್ತೀ ಎಂದು ಕೇಳಿದೆ. "ಸೈನ್ಸ್ ಅಂತ ಇತ್ತು ಮೇಡಂ" ಎಂದಳು. ಆ 'ಇತ್ತು' ನನಗೆ ಸಹಿಸಲಾಗಲಿಲ್ಲ. ಹಿಂದಿನ ಸೀಟಿನಿಂದ ಬೇವಿನ ಕರಿಯಮ್ಮ ತಲೆ ಮುಂದೆ ಮಾಡಿ, "ಇವಳು ಬರೀದಿದ್ರೆ ನಾನೂ ಬರಿಯಲ್ಲ ಮೇಡಂ. ನಂಗೆ ಲೆಕ್ಕ ಹೇಳ್ಕೊಡೋಳು ಇವಳೇ" ಎಂದಳು.

"ಲೇ, ಸುಮ್ನಿರೆ" ಎಂದಳು ಇವಳು.

ಹೊಳಲ್ಕೆರೆ ಇನ್ನು ಹತ್ತು ಕಿಲೋಮೀಟರ್ ಇರಬೇಕು, ದ್ಯಾವಮ್ಮ ಇದ್ದಕ್ಕಿದ್ದಂತೆ ಎದ್ದು ಮೊಮ್ಮಗಳ ಭುಜ ಹಿಡಿದಳು. "ಅಗಾ ನೋಡೆ, ಅದೇ ಕಟ್ಟೆ." ರಸ್ತೆಯ ಎಡಕ್ಕೆ ಒಂದು ಸಣ್ಣ ನೀರಿನ ಕಟ್ಟೆ, ಏರಿಯ ಮೇಲೆ ನಾಲ್ಕು ಜಾಲಿ ಮರ, ತಳದಲ್ಲಿ ಸ್ವಲ್ಪ ನೀರು. "ಕುರಿ ಹೊಡ್ಕಂಡು ಹೊಂಟಿದ್ವಿ. ದೀಪಾವಳಿ ಕಳೆದು ಎಂಟು ದಿನ ಆಗಿತ್ತು. ಜಿಟಿಜಿಟಿ ಮಳೆ. ನಿಮ್ಮವ್ವಂಗೆ ನೋವು ಹತ್ತಿದ್ದು ಇಲ್ಲೇ. ಎರಡು ಕಂಬಳಿ ಮರೆ ಕಟ್ಟಿದ್ವಿ. ಹೊತ್ತು ಮೂಡೋವಾಗ ನೀ ಬಂದೆ. ಕುರಿಯೆಲ್ಲ ಆ ಏರಿ ಮ್ಯಾಲೆ ನಿಂತ್ಕಂಡು ನೋಡ್ತಿದ್ವು."

ಹುಡುಗಿ ಕಿಟಕಿಗೆ ಹಣೆ ಒತ್ತಿ, ಕಟ್ಟೆ ಕಾಣುವಷ್ಟು ಹೊತ್ತೂ ನೋಡಿದಳು. ಬಸ್ಸು ನಿಲ್ಲಲಿಲ್ಲ. "ನಂಗೆ ಯಾವತ್ತೂ ತೋರಿಸಿರ್ಲಿಲ್ಲ ಅಜ್ಜಿ" ಎಂದಳು.

"ಈ ಹಾದೀಲಿ ನೀ ಯಾವತ್ತು ಬಂದಿದ್ದೆ?"

ನನಗೆ ನೆನಪಾದದ್ದು ಬೇರೆ. ರಂಗಧಾಮನ ತಾಯಿ ಅವನನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದ ದಿನ. ಅವಳ ಹಿಂದೆ ಹತ್ತು ಜನ ನಿಂತಿದ್ದರು. "ಹುಟ್ಟಿದ ತಾರೀಖು?" ಎಂದೆ. "ಹುರುಳಿ ಕೀಳೋ ಕಾಲ ಕಣವ್ವಾ, ನಮ್ಮನೆಯೋರು ಕಣದಾಗಿದ್ರು, ನಾನು..." ಎಂದು ಆಕೆ ಶುರು ಮಾಡಿದ್ದಳು. ಆಕೆ ಹೇಳುತ್ತಿದ್ದಂತೆಯೇ ನಾನು ಜೂನ್ ಒಂದು ಎಂದು ಬರೆದು, "ಮುಂದಿನವರು ಬನ್ನಿ" ಎಂದಿದ್ದೆ. ಆಕೆ ಮಾತು ಅಲ್ಲಿಗೇ ನಿಲ್ಲಿಸಿ ಪಕ್ಕಕ್ಕೆ ಸರಿದಳು. ಮುಂದಿನ ಸೀಟಿನಲ್ಲಿ ಅವಳ ಮಗನ ನರೆತ ತಲೆ ತೂಕಡಿಸುತ್ತಿತ್ತು.

ಹೊಳಲ್ಕೆರೆಯಲ್ಲಿ ಬಸ್ಸು ಬದಲಾಯಿಸುವ ಮೊದಲು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಅಲ್ಲಿಂದ ಚಿತ್ರದುರ್ಗ ಮೂವತ್ತು ಚಿಲ್ಲರೆ ಕಿಲೋಮೀಟರ್. ಕೋಟೆಯ ಬಂಡೆಗಳು ದೂರದಿಂದಲೇ ಕಂಡವು. ಹುಡುಗಿಯರು ಇಬ್ಬರೂ ಜಿಲ್ಲಾ ಕೇಂದ್ರಕ್ಕೆ ಬಂದದ್ದು ಇದೇ ಮೊದಲು. ಕೋಟೆ ನೋಡುವುದು ಬಿಟ್ಟು ಗಡಿಯಾರ ನೋಡುತ್ತಿದ್ದರು.

ಕಚೇರಿಯಲ್ಲಿ ಮೂರು ಗಂಟೆ ಬೆಂಚಿನ ಮೇಲೆ ಕೂತೆವು. ನಮ್ಮ ಸರದಿ ಬಂದಾಗ ಎರಡೂವರೆ. ಅಧಿಕಾರಿ ಹೆಂಗಸು, ನಲವತ್ತರ ಆಸುಪಾಸು, ಕನ್ನಡಕ. ಕೆಂಪು ಬಟ್ಟೆ ಬಿಚ್ಚಿ, ಅರಿಶಿನ ಮೆತ್ತಿದ ಪುಸ್ತಕವನ್ನು ಮೇಜಿನ ಮೇಲಿಟ್ಟಾಗ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ ತಾವೂ ಒಮ್ಮೆ ಕಣ್ಣಿಗೊತ್ತಿಕೊಂಡು ಪುಟ ತೆರೆದರು. ಎರಡು ಕ್ರಮಸಂಖ್ಯೆ ನೋಡಿದರು. ಹುಡುಗಿಯರನ್ನು ನೋಡಿದರು.

"ಕರಿಯಮ್ಮ ಯಾರು?"

"ನಾನು ಮೇಡಂ" ಎಂದರು ಇಬ್ಬರೂ.

ಅಳಿಸಿದ ಸಾಲನ್ನು ಗುಮಾಸ್ತರು ತಿರುಗಿ ತುಂಬಿದರು. ಈ ಸಲ ಆಧಾರ್ ನಂಬರೂ ಹಾಕಿದರು. ಆದರೂ ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಅದೇ ಶಾಲೆ, ಅದೇ ಹೆಸರು, ಅದೇ ತಂದೆ, ಅದೇ ತಾರೀಖು. ಈಗಾಗಲೇ ಇದೆ, ತೆಗೆದುಕೊಳ್ಳುವುದಿಲ್ಲ. ಮೂರು ಸಲ ಮಾಡಿದರು, ಮೂರು ಸಲವೂ ಅದೇ. ದ್ಯಾವಮ್ಮ, "ಏನಂತೈತೆ ಅದು?" ಎಂದು ನನ್ನನ್ನು ಕೇಳಿದಳು. ಇಬ್ಬರೂ ಒಂದೇ ಅನ್ನುತ್ತಿದೆ ಎಂದೆ.

"ಇಬ್ಬರದೂ ಜೂನ್ ಒಂದಾ?" ಎಂದರು ಅಧಿಕಾರಿ, ಕನ್ನಡಕ ತೆಗೆದು. ತಪ್ಪು ಒಪ್ಪಿಕೊಳ್ಳಬೇಕಾದವಳು ನಾನು ಎನಿಸಿ, ನಾವು ಮೇಷ್ಟರುಗಳು ಹಾಗೆ ಬರೆಯುತ್ತಿದ್ದೆವು ಎಂದೆ. ಅವರು ನಿಧಾನವಾಗಿ ತಲೆಯಾಡಿಸಿದರು. "ಗೊತ್ತು. ನನ್ನದೂ ಜೂನ್ ಒಂದೇ" ಎಂದರು.

ತಾರೀಖು ತಿದ್ದುವುದು ತಮ್ಮ ಕೈಯಲ್ಲಿಲ್ಲ, ಹೆಸರಿನ ಮುಂದೆ ಒಂದು ಅಕ್ಷರ ಸೇರಿಸಬಹುದು ಎಂದರು. ತಂದೆಯ ಹೆಸರಿನ ಅಕ್ಷರ ಸೇರಿಸಿದರೆ ಇಬ್ಬರಿಗೂ ಒಂದೇ ಆಗುತ್ತದೆ. "ಯಾವ ಅಕ್ಷರ ಹಾಕಲಮ್ಮಾ? ಪುಸ್ತಕದಲ್ಲಿ ಆಧಾರ ಇರಬೇಕು ನೋಡು."

ಹುಡುಗಿ ಯೋಚಿಸಲೇ ಇಲ್ಲ. "ಕೆ ಮೇಡಂ."

"ಕೆ ಅಂದರೆ?"

ಪುಟದ ಅಂಚಿನ ಪೆನ್ಸಿಲಿನ ಮೇಲೆ ಬೆರಳಿಟ್ಟು ತೋರಿಸಿದಳು. "ಕಟ್ಟೆ. ನಾನು ಹುಟ್ಟಿದ ಜಾಗ. ಬರ್ತಾ ನೋಡ್ಕಂಡು ಬಂದೆ."

"ಹಂಗಾದ್ರೆ ನಂಗೂ ಹಾಕ್ರಿ ಮೇಡಂ, ಬೇವಿಂದು ಬಿ" ಎಂದಳು ಇನ್ನೊಬ್ಬಳು. ಅಧಿಕಾರಿ ಮೊದಲ ಸಲ ನಕ್ಕರು. ಗುಮಾಸ್ತರು ಬೆರಳು ಒತ್ತಿದರು. ಕೆಂಪು ಅಕ್ಷರ ಬರಲಿಲ್ಲ. ಕೆ. ಕರಿಯಮ್ಮ. ಬಿ. ಕರಿಯಮ್ಮ. ಒಂದರ ಕೆಳಗೊಂದು, ಎರಡು ಸಾಲು. ರಂಗಧಾಮ ಗೋಡೆಯ ಕಡೆ ತಿರುಗಿ ನಿಂತ. ನನಗೂ ಕಣ್ಣು ತುಂಬಿತ್ತು, ಅದನ್ನು ಮುಚ್ಚಿಡಲು ಹೋಗಲಿಲ್ಲ. ದ್ಯಾವಮ್ಮ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಿಗೆ ತೆಗೆದುಕೊಂಡು, "ಹೊತ್ತಾತು, ಹೋಗಾಣ" ಎಂದಳು.

ಚಿತ್ರದುರ್ಗದ ಚಂದ್ರವಳ್ಳಿ ಗುಹೆ ನೋಡಬೇಕೆಂದು ಮನೆಯಿಂದ ಹೊರಡುವಾಗಲೇ ಅಂದುಕೊಂಡಿದ್ದೆ. ಹೊರಗೆ ಬಂದಾಗ ನಾಲ್ಕೂಕಾಲು. ಅವರಿಗೆ ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಹೋಗುವ ಬಸ್ಸು, ನನಗೆ ತುಮಕೂರಿನದು. ಹೆಂಗಸರು ಮೂವರೂ ಮೊದಲೇ ಹತ್ತಿ ಎಡಗಡೆಯ ಕಿಟಕಿಗಳನ್ನು ಹಿಡಿದು ಕೂತರು. ವಾಪಸ್ ಹೋಗುವಾಗ ಆ ಕಟ್ಟೆ ಬಲಕ್ಕೆ ಬರುತ್ತದೆ ಎಂದು ನೆನಪಾಗಿ ಹುಡುಗಿಯರಿಬ್ಬರೂ ಈಚೆ ಬದಿಗೆ ಎದ್ದುಬಂದರು.

ರಂಗಧಾಮ ನನ್ನ ಚೀಲ ಹಿಡಿದು ನಿಂತಿದ್ದ. ಹೇಳಬೇಕೋ ಬೇಡವೋ ಎಂದು ಹಿಂದೆಮುಂದೆ ನೋಡಿ, ಕೊನೆಗೆ ಹೇಳಿಯೇ ಬಿಟ್ಟೆ. "ನೀನು ಹುಟ್ಟಿದ್ದು ಯಾವಾಗ ಅಂತ ನಿಮ್ಮವ್ವ ನನಗೆ ಹೇಳಲು ಬಂದಿದ್ದಳಪ್ಪ. ನಾನು ಪೂರ್ತಿ ಕೇಳಲಿಲ್ಲ. ಹುರುಳಿ ಕೀಳೋ ಕಾಲ, ಅಪ್ಪ ಕಣದಲ್ಲಿದ್ದರು, ಅಷ್ಟು ಹೇಳಿದಳು. ಅಷ್ಟರಲ್ಲಿ ನಾನು ಬರೆದಾಗಿತ್ತು."

ಅವನು ಚೀಲವನ್ನು ನನ್ನ ಕೈಗೆ ಕೊಟ್ಟ. ತಾಯಿ ಹೋಗಿ ಒಂಬತ್ತು ವರ್ಷ, ಇನ್ನು ಕೇಳುವುದಕ್ಕೆ ಯಾರೂ ಇಲ್ಲ. "ಹುರುಳಿ ಕೀಳೋ ಕಾಲ ಅಂದ್ರೆ..." ಎಂದ. "ಈಗಲೇ ಅಲ್ವಾ ಮೇಡಂ."

ಅವನ ಬಸ್ಸು ಹೊರಟಿತು. ಓಡಿಹೋಗಿ ಹತ್ತಿಕೊಂಡ.

ಮೇ ತಿಂಗಳಲ್ಲಿ ಫಲಿತಾಂಶ ಬಂದ ದಿನ ಒಂದು ಫೋಟೋ ಕಳಿಸಿದ. ಎರಡೂ ಸಾಲು ಪಾಸು. ಕೆ. ಕರಿಯಮ್ಮ ಹೊಸದುರ್ಗದಲ್ಲಿ ಸೈನ್ಸಿಗೆ ಸೇರುತ್ತಾಳಂತೆ. ಪುಸ್ತಕ ಗುಡಿಗೆ ವಾಪಸಾಗಿದೆ.

ಜೂನ್ ಒಂದು ಬಂತು. ಬೆಳಿಗ್ಗೆಯಿಂದ ಫೋನನ್ನು ಹತ್ತಿರವೇ ಇಟ್ಟುಕೊಂಡು ಕೂತಿದ್ದೆ. ರಂಗಧಾಮ ಫೋನು ಮಾಡಲಿಲ್ಲ. ನನಗೆ ಬೇಜಾರಿಲ್ಲ. ಹುರುಳಿ ಬಿತ್ತುವುದಕ್ಕೇ ಇನ್ನೂ ಎರಡು ತಿಂಗಳಿದೆ.